ತುಮರಿಯ ಮನೆಗೆ ಯಾವ ಟ್ಯಾಬ್?

ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿನ ಮೇಲೆ ಕಟ್ಟಿದ 2.44 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅಲ್ಲಿಯವರೆಗೆ ತುಮರಿಯವರು ಸಾಗರದಿಂದ ಒಂದು ಚಾರ್ಜರ್ ತರಬೇಕೆಂದರೂ ಲಾಂಚಿನ ಹೊತ್ತು ನೋಡಿಕೊಂಡೇ ಮನೆ ಬಿಡಬೇಕಿತ್ತು. ಈಗ ಪೇಟೆ ಹತ್ತಿರವಾಗಿದೆ. ಅಡಿಕೆ ದುಡ್ಡು ಕೈಗೆ ಬಂದಾಗ, ಶಾಲೆ ಶುರುವಾಗುವಾಗ ಮನೆಮನೆಯಲ್ಲೂ ಕೇಳುವ ಮಾತು, ‘ಮಕ್ಕಳಿಗೆ ಒಂದು ಟ್ಯಾಬ್ ತರಬೇಕಿತ್ತು, ಯಾವುದು ಒಳ್ಳೇದು?’

ಉತ್ತರ ಕೊಡುವವರಿಗೆ ಬರವಿಲ್ಲ. ಬೆಂಗಳೂರಿನಲ್ಲಿರುವ ಅಣ್ಣನ ಮಗ ಒಂದು ಹೇಳುತ್ತಾನೆ, ಯೂಟ್ಯೂಬ್‌ನವರು ಇನ್ನೊಂದು, ಅಂಗಡಿಯವರು ಮತ್ತೊಂದು. ಅವರ್ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಅವರು ಟ್ಯಾಬ್ ಪರೀಕ್ಷೆ ಮಾಡುವ ಜಾಗದಲ್ಲಿ ಟವರ್ ಎದುರಿಗೇ ಇರುತ್ತದೆ, ಕರೆಂಟ್ ಹೋಗುವುದಿಲ್ಲ, ರಿಪೇರಿ ಅಂಗಡಿ ಪಕ್ಕದ ಬೀದಿಯಲ್ಲಿರುತ್ತದೆ. ತುಮರಿ ಸುತ್ತಲಿನ ಕರೂರು, ಬಾರಂಗಿ ಹೋಬಳಿಗಳ ಮನೆಗಳ ಲೆಕ್ಕವೇ ಬೇರೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಒಳಹಳ್ಳಿಗಳಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ತಪ್ಪು ಕಲ್ಪನೆ: ಸಿಮ್ ಹಾಕುವ ಟ್ಯಾಬ್ ತಂದರೆ ಮನೆಯಲ್ಲೇ ಇಂಟರ್ನೆಟ್ ಸಿಗುತ್ತದೆ.

ವಾಸ್ತವ: ಫೋನಿಗೆ ಸಿಗದ ಸಿಗ್ನಲ್ ಟ್ಯಾಬಿಗೂ ಸಿಗುವುದಿಲ್ಲ. ಟ್ಯಾಬ್ ದೊಡ್ಡದು, ಹಾಗಾಗಿ ಹೆಚ್ಚು ಎಳೆದುಕೊಳ್ಳುತ್ತದೆ ಎಂದು ಹಲವರು ನಂಬಿದ್ದಾರೆ. ಅದಕ್ಕೆ ಆಧಾರವಿಲ್ಲ. ಕೋವಿಡ್ ಕಾಲದಲ್ಲಿ ಈ ಭಾಗದ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿದ್ದು, ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಜನ ಅಭಿಯಾನ ನಡೆಸಿದ್ದು ಯಾರೂ ಮರೆತಿಲ್ಲ. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸುಮಾರು 1.55 ಲಕ್ಷ ಟ್ಯಾಬ್ ಹಂಚಲು ಶುರುಮಾಡಿತು. ಒಳ್ಳೆಯ ಕೆಲಸ. ಆದರೆ ಟ್ಯಾಬ್ ಕೊಟ್ಟರೆ ಟವರ್ ಕೊಟ್ಟಂತಾಗುವುದಿಲ್ಲ.

ಸಿಮ್ ಟ್ಯಾಬಿಗೆ ಹೆಚ್ಚು ಹಣ ತೆರಬೇಕು. 2025ರ ಮಾರ್ಚ್‌ನಲ್ಲಿ ಬಂದ ಎ16 ಚಿಪ್‌ನ ಐಪ್ಯಾಡ್‌ಗೆ ನಮ್ಮ ದೇಶದಲ್ಲಿ ಇಟ್ಟ ಬೆಲೆಯನ್ನೇ ನೋಡಿ: ಬರೀ ವೈಫೈ ಇರುವುದಕ್ಕೆ 34,900 ರೂಪಾಯಿ, ಸೆಲ್ಯುಲಾರ್ ಇರುವುದಕ್ಕೆ 49,900. ಹದಿನೈದು ಸಾವಿರದ ಅಂತರ. ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಅಂತರ ಕಡಿಮೆ, ಆದರೂ ಕೆಲವು ಸಾವಿರ ಹೋಗುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಸಿಗ್ನಲ್ ಸಿಗುವುದೇ ಒಂದೆರಡು ಜಾಗದಲ್ಲಿ: ಮೆತ್ತಿನ ಕಿಟಕಿಯಲ್ಲೋ, ಅಂಗಳದ ಮೂಲೆಯಲ್ಲೋ. ಸಿಮ್ ಟ್ಯಾಬ್ ಇದ್ದರೆ ಮಗು ಅಲ್ಲೇ ಹೋಗಿ ಕೂರಬೇಕು. ವೈಫೈ ಟ್ಯಾಬ್ ಇದ್ದರೆ ಫೋನನ್ನು ಆ ಕಿಟಕಿಯಲ್ಲಿಟ್ಟು ಹಾಟ್‌ಸ್ಪಾಟ್ ಹಾಕಿದರಾಯಿತು, ಮಗು ಕೆಳಗೆ ಜಗಲಿಯಲ್ಲಿ ಕೂತು ಓದಬಹುದು. ಅಂದರೆ ಸಿಗ್ನಲ್ ಕಡಿಮೆ ಇರುವ ಊರಿನಲ್ಲಿ ಕಡಿಮೆ ಬೆಲೆಯ ಟ್ಯಾಬೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಮನೆಗೆ ಫೈಬರ್ ಎಳೆಸಿಕೊಂಡವರಿಗಂತೂ ಸಿಮ್ ಟ್ಯಾಬ್ ಬೇಡವೇ ಬೇಡ.

ಇಷ್ಟಾಗಿಯೂ ಸಿಮ್ ಇರುವುದೇ ಬೇಕು ಎನ್ನುವವರು ಬ್ಯಾಂಡ್ ನೋಡಿ ಕೊಳ್ಳಿ. ಬಿಎಸ್‌ಎನ್‌ಎಲ್ ತನ್ನ 4ಜಿ ಸೇವೆಗೆ ಮುಖ್ಯವಾಗಿ 700 ಮತ್ತು 2100 ಮೆಗಾಹರ್ಟ್ಸ್ ತರಂಗ ಬಳಸುತ್ತದೆ. ಟ್ಯಾಬಿನ ವಿವರಪಟ್ಟಿಯಲ್ಲಿ ಇವು ಬ್ಯಾಂಡ್ 28 ಮತ್ತು ಬ್ಯಾಂಡ್ 1 ಎಂದಿರುತ್ತವೆ. ಜಿಯೋಗೆ ಬ್ಯಾಂಡ್ 3, 5, 40 ಬೇಕು. ಏರ್‌ಟೆಲ್‌ಗೆ 1, 3, 8, 40. ತರಂಗದ ಸಂಖ್ಯೆ ಕಡಿಮೆಯಾದಷ್ಟೂ ಅದು ಹೆಚ್ಚು ದೂರ ಹೋಗುತ್ತದೆ, ಮರ, ಗೋಡೆಗಳನ್ನು ಹೆಚ್ಚು ದಾಟುತ್ತದೆ. ಆದ್ದರಿಂದ ಕಾಡಿನ ನಡುವಿನ ಮನೆಗೆ ಬ್ಯಾಂಡ್ 28, 5, 8 ಮುಖ್ಯ. ಹಿನ್ನೀರಿನ ಆಚೆ ದಡದ ಟವರ್ ನಂಬಿಕೊಂಡ ಮನೆಯವರು ಬ್ಯಾಂಡ್ 28 ಇಲ್ಲದ ಟ್ಯಾಬಿಗೆ ಬಿಎಸ್‌ಎನ್‌ಎಲ್ ಸಿಮ್ ಹಾಕಿದರೆ, ಗಾಳಿಯಲ್ಲಿ ಸಿಗ್ನಲ್ ಇದ್ದರೂ ಟ್ಯಾಬಿಗೆ ಅದು ಕಾಣದಿರಬಹುದು. ಇನ್ನೊಂದು: ಐಪ್ಯಾಡಿನ ಹೊಸ ಸೆಲ್ಯುಲಾರ್ ಮಾದರಿಗಳಲ್ಲಿ ಸಿಮ್ ಹಾಕುವ ಕಿಂಡಿಯೇ ಇಲ್ಲ, ಇ-ಸಿಮ್ ಮಾತ್ರ. ನಿಮ್ಮ ಕಂಪನಿ ಇ-ಸಿಮ್ ಕೊಡುತ್ತದೆಯೇ ಎಂದು ಮೊದಲೇ ವಿಚಾರಿಸಿ.

ತಪ್ಪು ಕಲ್ಪನೆ: ತರುವುದಾದರೆ 5ಜಿಯೇ ತರಬೇಕು, ಮುಂದಕ್ಕೆ ಬರುತ್ತದೆ.

ವಾಸ್ತವ: ಟ್ಯಾಬಿನ ಆಯುಷ್ಯ ನಾಲ್ಕೈದು ವರ್ಷ. 4ಜಿ ಇನ್ನೂ ನೆಟ್ಟಗೆ ಸಿಗದ ಮನೆಯಲ್ಲಿ 5ಜಿ ಹೆಸರಿಗೆ ಕೊಡುವ ಹಣವನ್ನು ಹೆಚ್ಚಿನ ಸ್ಟೋರೇಜಿಗೆ ಹಾಕುವುದು ಮೇಲು.

ತಪ್ಪು ಕಲ್ಪನೆ: ಎಲ್ಲ ಟ್ಯಾಬಿನಲ್ಲೂ ಜಿಪಿಎಸ್ ಇದ್ದೇ ಇರುತ್ತದೆ.

ವಾಸ್ತವ: ಇರುವುದಿಲ್ಲ. ಕೃಷಿಕರ ಮನೆಗೆ ಇದು ಸಣ್ಣ ವಿಷಯವಲ್ಲ. ವೈಫೈ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಚಿಪ್ ಇಲ್ಲ. ಅದು ಸೆಲ್ಯುಲಾರ್ ಮಾದರಿಗಳಲ್ಲಿ ಮಾತ್ರ. ಆಂಡ್ರಾಯ್ಡ್‌ನಲ್ಲಿ ಕೆಲವು ವೈಫೈ ಟ್ಯಾಬ್‌ಗಳಲ್ಲಿ ಇದೆ, ಹಲವು ಕಡಿಮೆ ಬೆಲೆಯವುಗಳಲ್ಲಿ ಇಲ್ಲ. ಆದರೂ ಎಲ್ಲದರಲ್ಲೂ ಮ್ಯಾಪ್ ತೆರೆಯುತ್ತದೆ, ಪೇಟೆಯಲ್ಲಿ ನೀಲಿ ಚುಕ್ಕೆಯೂ ಬರುತ್ತದೆ. ಸುತ್ತಲಿನ ವೈಫೈಗಳನ್ನು ನೋಡಿ ಟ್ಯಾಬ್ ಜಾಗ ಅಂದಾಜು ಮಾಡುವುದರಿಂದ ಹಾಗಾಗುತ್ತದೆ. ತೋಟದ ನಡುವೆ ಯಾವ ವೈಫೈ ಇದೆ?

ರೈತರೇ ತಮ್ಮ ಬೆಳೆ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್‌ ರಾಜ್ಯದಲ್ಲಿ 2020ರ ಮುಂಗಾರಿನಿಂದ ಬಳಕೆಯಲ್ಲಿದೆ. ಅದು ನೀವು ನಿಮ್ಮ ಸರ್ವೆ ನಂಬರಿನ ಒಳಗೇ ನಿಂತಿದ್ದೀರಾ ಎಂದು ಜಿಪಿಎಸ್‌ನಿಂದ ನೋಡುತ್ತದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ‘ದಿಶಾಂಕ್’ ಆ್ಯಪ್‌ ಕೂಡ ಹಾಗೆಯೇ. ಮುಳುಗಡೆ, ಬಗರ್‌ಹುಕುಂ, ಅರಣ್ಯದ ಗಡಿ ಎಂದು ಪ್ರತಿ ಗುಂಟೆಗೂ ಕಾಗದ ಹಿಡಿದು ಓಡಾಡುವ ಈ ಸೀಮೆಯಲ್ಲಿ ಅದರ ಬಳಕೆ ಎಷ್ಟೆಂದು ಹೇಳಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗಿನಿಂದ ಜಾಗದ ಗುರುತು ಇಲ್ಲಿ ಬದುಕಿನ ಪ್ರಶ್ನೆ. ಈ ಕೆಲಸಕ್ಕೆ ಕಿಸೆಯಲ್ಲಿರುವ ಫೋನೇ ಸಾಕು, ಟ್ಯಾಬ್ ಬೇಕಿಲ್ಲ. ದೊಡ್ಡ ಪರದೆಯಲ್ಲಿ ನಕ್ಷೆ ನೋಡಬೇಕು ಎಂದೇ ಕೊಳ್ಳುವವರು ಮಾತ್ರ ವಿವರಪಟ್ಟಿಯಲ್ಲಿ ಜಿಪಿಎಸ್ ಎಂದು ಬರೆದಿರುವುದನ್ನು ಕಣ್ಣಾರೆ ನೋಡಿಯೇ ಹಣ ಕೊಡಿ.

ತಪ್ಪು ಕಲ್ಪನೆ: ಪರದೆ ಎಷ್ಟು ಇಂಚು ಎಂದು ನೋಡಿದರೆ ಸಾಕು.

ವಾಸ್ತವ: ಇಂಚು ಎಂದರೆ ಮೂಲೆಯಿಂದ ಮೂಲೆಗೆ ಅಳತೆ. ಉದ್ದ ಅಗಲ ಹೇಗಿದೆ ಎಂಬುದನ್ನು ಅದು ಹೇಳುವುದಿಲ್ಲ. ಪಠ್ಯಪುಸ್ತಕದ ಪಿಡಿಎಫ್ ಓದುವ ಮಗುವಿಗೆ ಬೇಕಾದದ್ದು ಅಗಲ.

ಸ್ವಲ್ಪ ಲೆಕ್ಕ ಹಾಕೋಣ. ಎ4 ಹಾಳೆಯ ಅಗಲ 8.27 ಇಂಚು. ಮಾರುಕಟ್ಟೆಯ ಬಹುಪಾಲು 11 ಇಂಚಿನ ಆಂಡ್ರಾಯ್ಡ್ ಟ್ಯಾಬ್‌ಗಳು ಸಿನಿಮಾ ನೋಡಲು ಹೊಂದುವಂತೆ ಉದ್ದುದ್ದ ಇವೆ, 16ಕ್ಕೆ 10ರ ಪ್ರಮಾಣದಲ್ಲಿ. ನೆಟ್ಟಗೆ ಹಿಡಿದರೆ ಅವುಗಳ ಅಗಲ ಸುಮಾರು 5.8 ಇಂಚು. ಪುಟ ಶೇಕಡಾ 70ಕ್ಕೆ ಕುಗ್ಗುತ್ತದೆ. ಪುಸ್ತಕದ 12 ಪಾಯಿಂಟ್ ಅಕ್ಷರ ಎಂಟೂವರೆ ಪಾಯಿಂಟ್ ಆಗುತ್ತದೆ. ಐಪ್ಯಾಡ್‌ನ ಪರದೆ ಹಾಳೆಯ ಆಕಾರಕ್ಕೆ ಹತ್ತಿರ, ಅದರಲ್ಲಿ ಅದೇ ಅಕ್ಷರ ಒಂಬತ್ತು ಪಾಯಿಂಟ್ ಕಾಣುತ್ತದೆ. ಒನ್‌ಪ್ಲಸ್ ಪ್ಯಾಡ್ ಗೋ 11.35 ಇಂಚಿನದು, 7ಕ್ಕೆ 5ರ ಪ್ರಮಾಣ, ಅದರಲ್ಲಿ ಒಂಬತ್ತೂವರೆ. ಇನ್ನು ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9ನಂಥ 8.7 ಇಂಚಿನ ಚಿಕ್ಕ ಟ್ಯಾಬ್‌ನಲ್ಲಿ ಅಗಲ ನಾಲ್ಕೂವರೆ ಇಂಚು ಮಾತ್ರ. ಪುಟ ಅರ್ಧಕ್ಕೆ ಇಳಿದು ಅಕ್ಷರ ಆರೂವರೆ ಪಾಯಿಂಟ್ ಆಗುತ್ತದೆ.

ಇಂಗ್ಲಿಷ್ ಓದುವವರು ಆರೂವರೆ ಪಾಯಿಂಟನ್ನೂ ಹೇಗೋ ಓದಿಬಿಡಬಹುದು. ಕನ್ನಡಕ್ಕೆ ಒತ್ತಕ್ಷರ ಇದೆ. ‘ಸ್ವಾತಂತ್ರ್ಯ’ ಎಂಬ ಒಂದು ಪದ ತೆಗೆದುಕೊಳ್ಳಿ: ತಕಾರದ ಕೆಳಗೆ ರಕಾರ, ಪಕ್ಕದಲ್ಲಿ ಯಕಾರ. ಮೂಲ ಅಕ್ಷರವೇ ಆರೂವರೆ ಪಾಯಿಂಟ್ ಆದರೆ ಒತ್ತುಗಳು ಚುಕ್ಕೆಗಳಾಗುತ್ತವೆ. ಮಗು ಎರಡು ಬೆರಳಿಟ್ಟು ಹಿಗ್ಗಿಸುತ್ತದೆ, ಸಾಲು ಪರದೆ ದಾಟಿ ಹೋಗುತ್ತದೆ, ಎಡಕ್ಕೆ ಬಲಕ್ಕೆ ಎಳೆಯುತ್ತಾ ಓದು ತುಂಡಾಗುತ್ತದೆ. ಅಡ್ಡ ಹಿಡಿದರೆ ಅಕ್ಷರ ದೊಡ್ಡದಾದರೂ ಅರ್ಧ ಪುಟವೇ ಕಾಣುವುದು. ಬೆಲೆ ಕಡಿಮೆ ಎಂದು ಎಂಟೂವರೆ ಇಂಚಿನದನ್ನು ತಂದ ಮನೆಗಳಲ್ಲಿ ಟ್ಯಾಬ್ ಬರೀ ವಿಡಿಯೋ ಯಂತ್ರವಾಗುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ನಂಬಿಕೆ. ಓದಿಗೆಂದರೆ ಹನ್ನೊಂದು ಇಂಚಿಗಿಂತ ಕೆಳಗೆ ಇಳಿಯಬೇಡಿ.

ಬಿಸಿಲಿನ ಮಾತೂ ಇದೆ. ಅಡಿಕೆ ಒಣಹಾಕಿದ ಅಂಗಳದಲ್ಲಿ ಈ ಯಾವ ಪರದೆಯೂ ಚೆನ್ನಾಗಿ ಕಾಣುವುದಿಲ್ಲ, ‘2ಕೆ’, ‘4ಕೆ’ ಎಂದು ಏನೇ ಬರೆದಿರಲಿ. ಬೆಂಗಳೂರಿನ ನೋಷನ್ ಇಂಕ್ ಕಂಪನಿ 2011ರಲ್ಲಿ ತಂದ ‘ಆಡಮ್’ ಟ್ಯಾಬಿಗೆ ಬಿಸಿಲಲ್ಲೂ ಓದಬಹುದಾದ ಪರದೆ ಇತ್ತು. ಆ ದಾರಿಯಲ್ಲಿ ಟ್ಯಾಬ್ ಮಾರುಕಟ್ಟೆ ಮುಂದುವರಿಯದೇ ಹೋದದ್ದು ಹಳ್ಳಿಗಳಿಗೆ ನಷ್ಟವೇ.

ತಪ್ಪು ಕಲ್ಪನೆ: ‘8+8 ಜಿಬಿ’ ಎಂದರೆ 16 ಜಿಬಿ ರ‍್ಯಾಮ್.

ವಾಸ್ತವ: ಎರಡನೆಯ ಎಂಟು ರ‍್ಯಾಮ್ ಅಲ್ಲ, ಸ್ಟೋರೇಜಿನಿಂದ ಸಾಲ ಪಡೆದ ಜಾಗ. ಪಕ್ಕದ ಮನೆಯ ಅಟ್ಟದಲ್ಲಿ ನಮ್ಮ ಅಡಿಕೆ ಚೀಲ ಇಟ್ಟಂತೆ: ಜಾಗವೇನೋ ಆಯಿತು, ಬೇಕೆಂದಾಗ ಹೋಗಿ ಹೊತ್ತು ತರಬೇಕು. ಕೂಡಿಸಿದ ಸಂಖ್ಯೆ ಮರೆತು ಮೊದಲನೆಯ ಸಂಖ್ಯೆ ಮಾತ್ರ ಕೇಳಿ. ಇಂದಿಗೆ ನಾಲ್ಕು ಕಡಿಮೆಯಾಯಿತು, ಆರು ನಡೆಯುತ್ತದೆ, ಎಂಟಿದ್ದರೆ ನೆಮ್ಮದಿ.

ಸ್ಟೋರೇಜಿನಲ್ಲೂ ಹೀಗೆಯೇ. 64 ಜಿಬಿ ಎಂದು ಬರೆದದ್ದರಲ್ಲಿ ಹದಿನೈದು ಇಪ್ಪತ್ತು ಜಿಬಿ ವ್ಯವಸ್ಥೆಗೇ ಹೋಗಿರುತ್ತದೆ. ಸದಾ ಆನ್‌ಲೈನ್ ಇರುವ ಪೇಟೆಯವರಿಗೆ ಅದು ಸಾಕು. ಸಿಗ್ನಲ್ ಸಿಕ್ಕಾಗ ಪಾಠದ ವಿಡಿಯೋ ಇಳಿಸಿಟ್ಟುಕೊಂಡು ವಾರವಿಡೀ ನೋಡುವ ಮನೆಗೆ ಸಾಲದು. 128 ಜಿಬಿ ಇರಲಿ, ಮೆಮೊರಿ ಕಾರ್ಡ್ ಹಾಕುವ ಜಾಗ ಇರಲಿ. ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್‌ನಲ್ಲಿ, ರೆಡ್ಮಿ ಪ್ಯಾಡ್ ಎಸ್‌ಇಯಲ್ಲಿ ಕಾರ್ಡ್ ಹಾಕಬಹುದು. ಯಾವ ಐಪ್ಯಾಡಿನಲ್ಲೂ ಆಗುವುದಿಲ್ಲ.

ತಪ್ಪು ಕಲ್ಪನೆ: ಎಂಎಎಚ್ ಹೆಚ್ಚಿದ್ದರೆ ಕರೆಂಟಿನ ಚಿಂತೆ ಇಲ್ಲ.

ವಾಸ್ತವ: ಫೋನಿನಲ್ಲಿ 5,000 ಎಂಎಎಚ್, ಟ್ಯಾಬಿನಲ್ಲಿ 8,000, ಹಾಗಾಗಿ ಟ್ಯಾಬ್ ಹೆಚ್ಚು ಹೊತ್ತು ಬರುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಹನ್ನೊಂದು ಇಂಚಿನ ಟ್ಯಾಬಿನ ಪರದೆ ಫೋನಿನ ಪರದೆಯ ಮೂರು ಪಟ್ಟಿಗಿಂತ ದೊಡ್ಡದು. ಬ್ಯಾಟರಿ ತಿನ್ನುವುದು ಮುಖ್ಯವಾಗಿ ಪರದೆಯೇ. ಜೊತೆಗೆ ಸಿಗ್ನಲ್ ಕ್ಷೀಣವಾದಷ್ಟೂ ಸಿಮ್ ಟ್ಯಾಬ್ ಟವರನ್ನು ಮುಟ್ಟಲು ಹೆಚ್ಚು ಶಕ್ತಿ ಸುರಿಯುತ್ತದೆ.

ನಮ್ಮ ಮಟ್ಟಿಗೆ ಬ್ಯಾಟರಿಯಷ್ಟೇ ಮುಖ್ಯವಾದದ್ದು ಚಾರ್ಜ್ ಆಗುವ ವೇಗ. ಇಡೀ ನಾಡಿಗೆ ಬೆಳಕು ಕೊಟ್ಟ ಶರಾವತಿಯ ದಡದಲ್ಲೇ ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಕರೆಂಟ್ ಬರುವುದು ಯಾವಾಗ ಎಂದು ಹೇಳುವಂತಿಲ್ಲ. ಬಂದ ಒಂದೆರಡು ಗಂಟೆಯಲ್ಲಿ ಎಷ್ಟು ತುಂಬಿಕೊಳ್ಳುತ್ತದೆ ಎಂಬುದೇ ಪ್ರಶ್ನೆ. 8,000 ಎಂಎಎಚ್ ಬ್ಯಾಟರಿ ಎಂದರೆ ಸುಮಾರು 31 ವ್ಯಾಟ್-ಅವರ್. 10 ವ್ಯಾಟಿನ ಚಾರ್ಜರ್‌ನಲ್ಲಿ ಅದು ತುಂಬಲು ಹೆಚ್ಚೂಕಡಿಮೆ ನಾಲ್ಕು ಗಂಟೆ ಬೇಕು, 33 ವ್ಯಾಟಿನದರಲ್ಲಿ ಒಂದೂವರೆ ಗಂಟೆಯ ಆಸುಪಾಸು. ಸೋಲಾರ್ ದೀಪದ ಪೆಟ್ಟಿಗೆಯಲ್ಲಿರುವ ಯುಎಸ್‌ಬಿ ಕಿಂಡಿ ಸಾಮಾನ್ಯವಾಗಿ 5 ವ್ಯಾಟ್ ಕೊಡುತ್ತದೆ. ಅದರಲ್ಲಿ ಹಾಕಿದರೆ ಬೆಳಗಿನಿಂದ ಸಂಜೆಯಾಗುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕ್ ಇದ್ದರೂ ಅದರ ಶಕ್ತಿಯಲ್ಲಿ ಒಂದು ಪಾಲು ದಾರಿಯಲ್ಲೇ ಸೋರಿಹೋಗುವುದರಿಂದ ಈ ಟ್ಯಾಬ್ ಒಮ್ಮೆ ಪೂರ್ತಿ ತುಂಬುವುದು ಅನುಮಾನ.

ಟ್ಯಾಬ್ ಎಷ್ಟು ವ್ಯಾಟ್ ಒಳಗೆ ತೆಗೆದುಕೊಳ್ಳುತ್ತದೆ ಎಂದು ಒಮ್ಮೆ, ಪೆಟ್ಟಿಗೆಯಲ್ಲಿ ಎಷ್ಟು ವ್ಯಾಟಿನ ಚಾರ್ಜರ್ ಇದೆ ಎಂದು ಇನ್ನೊಮ್ಮೆ ಕೇಳಿ. ಎರಡೂ ಒಂದೇ ಇರಬೇಕೆಂದಿಲ್ಲ. ಕೆಲವುಗಳಲ್ಲಿ ಚಾರ್ಜರೇ ಇರುವುದಿಲ್ಲ.

ತಪ್ಪು ಕಲ್ಪನೆ: ಟ್ಯಾಬಿನಲ್ಲಿ ಕನ್ನಡ ಇದೆ, ಹಾಗಾಗಿ ನಮ್ಮ ಹಳೆಯ ಕಡತಗಳೆಲ್ಲ ತೆರೆಯುತ್ತವೆ.

ವಾಸ್ತವ: ಇಂದಿನ ಟ್ಯಾಬ್‌ಗಳೆಲ್ಲ ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸುತ್ತವೆ. ಕೀಲಿಮಣೆ ಇದೆ, ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುವ ಸೌಲಭ್ಯವೂ ಇದೆ. ಆದರೆ ನಮ್ಮ ಪಂಚಾಯಿತಿ, ಸಹಕಾರ ಸಂಘ, ಶಾಲೆ, ದೇವಸ್ಥಾನ ಸಮಿತಿಗಳ ಹಳೆಯ ಕಡತಗಳು ಹೆಚ್ಚಾಗಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿವೆ. ಆ ಕಡತದೊಳಗೆ ನಿಜವಾಗಿ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟ್ ಅದನ್ನು ಕನ್ನಡದಂತೆ ಕಾಣಿಸುತ್ತದೆ. ಆ ಫಾಂಟ್ ಇಲ್ಲದ ಟ್ಯಾಬಿನಲ್ಲಿ ತೆರೆದರೆ ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಟ್ಯಾಬ್ ಹಾಳಾಗಿದೆ ಎಂದು ವಾಪಸು ಮಾಡಬೇಡಿ, ಹೆಚ್ಚು ಬೆಲೆಯದು ತಂದರೂ ಹಾಗೆಯೇ ಬರುತ್ತದೆ. ಕಂಪ್ಯೂಟರಿನಲ್ಲಿ ಯೂನಿಕೋಡ್‌ಗೆ ಪರಿವರ್ತಿಸಿ ಅಥವಾ ಪಿಡಿಎಫ್ ಮಾಡಿ ಕಳಿಸಿಕೊಳ್ಳಿ. ಪರಿವರ್ತಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಕಿನ್ನರ ಮೇಳದಂಥ ರಂಗತಂಡ ಬೆಳೆದ ಊರು ತುಮರಿ. ನಾಟಕದ ಪ್ರತಿಗಳನ್ನು, ಯಕ್ಷಗಾನದ ಪ್ರಸಂಗಗಳನ್ನು ಟ್ಯಾಬಿಗೆ ಹಾಕಿಕೊಳ್ಳಬೇಕು ಎನ್ನುವವರು ಈ ಕೆಲಸವನ್ನು ಮೊದಲು ಮುಗಿಸಿಕೊಳ್ಳಲಿ.

ತಪ್ಪು ಕಲ್ಪನೆ: ವಾಟರ್‌ಪ್ರೂಫ್ ಟ್ಯಾಬಿಗೆ ಮಳೆಗಾಲದ ಭಯವಿಲ್ಲ.

ವಾಸ್ತವ: ಅಗ್ಗದ ಟ್ಯಾಬ್‌ಗಳಲ್ಲಿ ನೀರು ತಡೆಯುವ ಗುಣ ಬಹುತೇಕ ಇಲ್ಲ. ಐಪಿ52 ಎಂದಿದ್ದರೆ ನಾಲ್ಕು ಹನಿಗೆ ಸೈ, ಅಷ್ಟೇ. ಐಪಿ68 ಇರುವ ಗ್ಯಾಲಕ್ಸಿ ಟ್ಯಾಬ್ ಎಸ್9 ಎಫ್‌ಇಯಂಥವು ನೀರನ್ನು ತಡೆದುಕೊಳ್ಳುತ್ತವೆ, ಆದರೂ ನೀರು ಹೋಗಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಮಳೆಗಾಲದಲ್ಲಿ ಚಾರ್ಜಿಂಗ್ ಕಿಂಡಿ ಒದ್ದೆ ಇದ್ದಾಗ ವೈರ್ ಚುಚ್ಚದಿರುವುದು, ಗುಡುಗು ಸಿಡಿಲಿಗೆ ಪ್ಲಗ್ ಕಿತ್ತಿಡುವುದು ಯಾವ ಐಪಿ ಸಂಖ್ಯೆಗಿಂತಲೂ ಹೆಚ್ಚು ಕಾಪಾಡುತ್ತದೆ.

ತಪ್ಪು ಕಲ್ಪನೆ: ಮಕ್ಕಳಿಬ್ಬರಿದ್ದರೆ ಎರಡು ಟ್ಯಾಬ್ ಬೇಕು.

ವಾಸ್ತವ: ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ಯೋಚನೆ ನಮ್ಮ ರಾಜ್ಯದಲ್ಲೇ ಹಿಂದೆ ಆಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಬೆಂಗಳೂರಿನ ಎನ್‌ಕೋರ್ ಕಂಪನಿಯವರು ಸೇರಿ 2001ರ ಹೊತ್ತಿಗೆ ರೂಪಿಸಿದ ‘ಸಿಂಪ್ಯೂಟರ್’ ಅಂಗೈಯಗಲದ ಕಂಪ್ಯೂಟರ್. ಅದಕ್ಕೆ ಸ್ಮಾರ್ಟ್ ಕಾರ್ಡ್ ಹಾಕುವ ಜಾಗವಿತ್ತು: ಊರಿಗೆ ಒಂದು ಯಂತ್ರ, ಪ್ರತಿಯೊಬ್ಬರಿಗೂ ಅವರವರ ಕಾರ್ಡ್. ಓದು ಬಾರದವರಿಗೆ ಕನ್ನಡದಲ್ಲಿ ಓದಿ ಹೇಳುವ ಉದ್ದೇಶವೂ ಇತ್ತು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ, ಆದರೆ ಹಂಚಿಕೊಳ್ಳಬೇಕು ಎಂಬ ಯೋಚನೆ ಸರಿಯಾಗಿತ್ತು.

ಇಂದು ಸ್ಯಾಮ್‌ಸಂಗ್ ಸೇರಿದಂತೆ ಹಲವು ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಾತೆ ಮಾಡಬಹುದು. ಅಕ್ಕನ ಪಾಠ, ತಮ್ಮನ ಆಟ, ಅಪ್ಪಯ್ಯನ ಬ್ಯಾಂಕ್ ಆ್ಯಪ್‌ ಒಂದರೊಳಗೊಂದು ಬೆರೆಯುವುದಿಲ್ಲ. ಐಪ್ಯಾಡಿನಲ್ಲಿ ಮನೆಬಳಕೆಗೆ ಈ ಸೌಲಭ್ಯ ಇಲ್ಲ. ಕೂಡುಮನೆಗೆ ಅದೊಂದು ದೊಡ್ಡ ಕೊರತೆ.

ತಪ್ಪು ಕಲ್ಪನೆ: ಮಕ್ಕಳಿಗಲ್ಲವೇ, ಅತಿ ಅಗ್ಗದ್ದೇ ಸಾಕು.

ವಾಸ್ತವ: 2011ರ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರ ‘ಆಕಾಶ್’ ಟ್ಯಾಬನ್ನು ಬಿಡುಗಡೆ ಮಾಡಿದಾಗ ಬೆಲೆ ಕೇಳಿ ಇಡೀ ದೇಶ ಹಿಗ್ಗಿತು. 256 ಎಂಬಿ ರ‍್ಯಾಮ್, ಒತ್ತಿದರಷ್ಟೇ ತಿಳಿಯುವ ಏಳು ಇಂಚಿನ ಪರದೆ. ಅಗ್ಗವಾಗಿತ್ತು, ಬಳಸಲು ಆಗಲಿಲ್ಲ. ಇವತ್ತೂ ಹೆಸರು ಕೇಳದ ಕಂಪನಿಗಳ ಐದಾರು ಸಾವಿರದ ಟ್ಯಾಬ್‌ಗಳು ಹಳೆಯ ಆಂಡ್ರಾಯ್ಡ್ ಹೊತ್ತು ಬರುತ್ತವೆ. ಅಪ್‌ಡೇಟ್ ಬಾರದ ಟ್ಯಾಬಿನಲ್ಲಿ ಕೆಲವೇ ವರ್ಷಗಳಲ್ಲಿ ಬ್ಯಾಂಕಿನ ಆ್ಯಪ್‌ ನಿಲ್ಲುತ್ತದೆ, ಆಮೇಲೆ ಪಾಠದ ಆ್ಯಪ್‌ಗಳೂ ನಿಲ್ಲುತ್ತವೆ. ಈ ಒಂದು ವಿಷಯದಲ್ಲಿ ಐಪ್ಯಾಡ್ ಮುಂದೆ: 2019ರ ಐಪ್ಯಾಡ್‌ಗೆ 2024ರಲ್ಲೂ ಆ ವರ್ಷದ ಹೊಸ ಆವೃತ್ತಿ ಸಿಕ್ಕಿತು. ಆಂಡ್ರಾಯ್ಡ್ ಕೊಳ್ಳುವಾಗ ಎಷ್ಟು ವರ್ಷ ಅಪ್‌ಡೇಟ್ ಎಂದು ಕಂಪನಿಯೇ ಬರೆದು ಹೇಳಿದ್ದನ್ನು ನೋಡಿ.

ರಿಪೇರಿಯ ವಿಷಯದಲ್ಲಿ ಅಧಿಕೃತ ಸರ್ವಿಸ್ ಸೆಂಟರ್ ಸಾಗರದಲ್ಲಿದೆಯೇ, ಶಿವಮೊಗ್ಗಕ್ಕೆ ಹೋಗಬೇಕೇ, ಬೆಂಗಳೂರಿಗೆ ಕೊರಿಯರ್ ಮಾಡಬೇಕೇ ಎಂದು ಆಯಾ ಕಂಪನಿಯ ಜಾಲತಾಣದಲ್ಲಿ ಮೊದಲೇ ನೋಡಿ. ಇನ್ನು 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದು ಟ್ಯಾಬ್ ಅಗ್ಗವಾಗಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಟ್ಯಾಬಿನ ತೆರಿಗೆ ಮೊದಲೂ ಶೇಕಡಾ 18, ಈಗಲೂ 18.

ನನ್ನ ತೀರ್ಮಾನ ಹೇಳುತ್ತೇನೆ. ತುಮರಿ ಕಡೆಯ ಓದುವ ಮಕ್ಕಳ ಮನೆಗೆ ಹನ್ನೊಂದು ಇಂಚಿನ ವೈಫೈ ಆಂಡ್ರಾಯ್ಡ್ ಟ್ಯಾಬ್, ನಿಜವಾದ 8 ಜಿಬಿ ರ‍್ಯಾಮ್, 128 ಜಿಬಿ, ಕಾರ್ಡ್ ಹಾಕುವ ಜಾಗ, ಬೇಗ ಚಾರ್ಜ್ ಆಗುವಂಥದು. ಸಿಮ್ ಟ್ಯಾಬಿಗೆ ಕೊಡಬೇಕಿದ್ದ ಹಣದಲ್ಲಿ ಗಟ್ಟಿ ಕವರ್, ಮೆಮೊರಿ ಕಾರ್ಡ್ ಮತ್ತು ಪವರ್ ಬ್ಯಾಂಕ್ ತನ್ನಿ. ಐಪ್ಯಾಡ್ ಕೊಳ್ಳುವ ಶಕ್ತಿ ಇದ್ದು, ಮನೆಗೆ ಫೈಬರ್ ಬಂದಿದ್ದು, ಬಳಸುವವರು ಒಬ್ಬರೇ ಆದರೆ ಅದನ್ನು ಕೊಳ್ಳಿ, ತುಂಬಾ ವರ್ಷ ಬರುತ್ತದೆ. ಹಣ ಕೊಡುವ ಮುಂಚೆ ಅಂಗಡಿಯಲ್ಲೇ ಮಗುವಿನ ಕೈಗೆ ಟ್ಯಾಬ್ ಕೊಟ್ಟು, ಕನ್ನಡ ಪಠ್ಯಪುಸ್ತಕದ ಒಂದು ಪುಟ ತೆರೆದು, ಹಿಗ್ಗಿಸದೆ ಓದಿಸಿ ನೋಡಿ. ಬಿಲ್ ಕೇಳಿ ಪಡೆಯಿರಿ.